ಎರಡನೇ ಸೈರನ್

ಇಪ್ಪತ್ತಾರು ವರ್ಷ ಇಸ್ತ್ರಿ ಅಂಗಡಿಯಲ್ಲಿ ನಿಂತೇ ಜೀವ ಸವೆಸಿದವಳು ನಾನು. ಸುಮ್ಮನೆ ಕೂತು ನನಗೆ ಗೊತ್ತಿಲ್ಲ. ಅಂಥವಳನ್ನು ಆವತ್ತು ಪುರಸಭೆಯ ಅಂಗಳದ ವೇದಿಕೆಗೆ ಹತ್ತಿಸಿ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ನನ್ನ ಮಗನ ಫೋಟೊ. ಸಮವಸ್ತ್ರ ತೊಟ್ಟು, ಮಿಸುಕಾಡದೆ, ನೆಟ್ಟಗೆ ನಿಂತಿದ್ದ. ಎಲ್ಲಾದರೂ ಉಂಟೇ! ಅವನು ಅಷ್ಟು ನೆಟ್ಟಗೆ ನಿಂತದ್ದನ್ನು ಹೆತ್ತ ನಾನೇ ನೋಡಿಲ್ಲ. ಅವರಪ್ಪ ಅವನನ್ನು ಕರೆಯುತ್ತಿದ್ದದ್ದೇ 'ಪಾದರಸ' ಅಂತ. ಯುದ್ಧದಲ್ಲೂ ಅದೇ ಬುದ್ಧಿ. ಗಾಯಗೊಂಡ ಇಬ್ಬರನ್ನು ಹೊತ್ತು ತಂದು ಹಾಕಿ, ಮೂರನೆಯವನನ್ನು ತರಲು ಹೋದವನು ವಾಪಸ್ ಬರಲಿಲ್ಲ. ಅದಾಗಿ ಏಳು ತಿಂಗಳು.

ನಮ್ಮೂರಲ್ಲಿ ವರ್ಷಕ್ಕೊಮ್ಮೆ ಬೆಳಗ್ಗೆ ಹನ್ನೊಂದಕ್ಕೆ ಪುರಸಭೆಯ ಮೇಲಿನ ಸೈರನ್ ಕೂಗುತ್ತದೆ. ಯುದ್ಧದಲ್ಲಿ ಮಡಿದವರಿಗಾಗಿ ಊರೆಲ್ಲ ಇದ್ದ ಜಾಗದಲ್ಲೇ ಎದ್ದು ನಿಲ್ಲಬೇಕು. ಎರಡು ನಿಮಿಷಕ್ಕೆ ಎರಡನೇ ಸೈರನ್. ಆಮೇಲೆ ಅವರವರ ಪಾಡು ಅವರಿಗೆ. ಇಪ್ಪತ್ತೆಂಟು ವರ್ಷದಿಂದ ಆ ಗುಂಡಿ ಒತ್ತುತ್ತಿರುವವರು ನಮ್ಮ ಮನೆಯವರು. ಒಂದೇ ಒಂದು ಸೆಕೆಂಡು ಆಚೀಚೆ ಆದದ್ದಿಲ್ಲ.

ಮುಚ್ಚುಮರೆ ಯಾಕೆ, ಆ ಎರಡು ನಿಮಿಷ ನಾನು ಯಾವತ್ತೂ ನಿಂತವಳಲ್ಲ. ಅಂಗಡಿಯ ಪರದೆ ಎಳೆದುಕೊಂಡು ಒಂದು ಅಂಗಿ ಇಸ್ತ್ರಿ ಮಾಡಿ ಮುಗಿಸುತ್ತಿದ್ದೆ. ಯಾರ ಮಕ್ಕಳೋ ಏನೋ, ನನಗ್ಯಾಕೆ ಅಂತ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಗ ಮಾತ್ರ ಚಿಕ್ಕಂದಿನಿಂದ ಆ ದಿನ ಅಪ್ಪನ ಜೊತೆ ಸೈರನ್ ಕೋಣೆಗೆ ಹೋಗುತ್ತಿದ್ದ. ಗೋಡೆಯ ಮೇಲೆ ಗಡಿಯಾರ ಇದ್ದರೂ ಇವನದೇ ಒಂದು ಎಣಿಕೆ. ಕಾಲು ಬದಲಿಸುತ್ತಾ, ತಲೆ ಕೆರೆಯುತ್ತಾ, ನೂರಿಪ್ಪತ್ತಕ್ಕೆ ಅಪ್ಪನ ಅಂಗಿ ಜಗ್ಗಿ, "ಅಪ್ಪಾ, ಆಯ್ತು, ಒತ್ತು" ಅನ್ನುತ್ತಿದ್ದ. ಮೀಸೆ ಬಂದ ಮೇಲೂ ಬಿಡಲಿಲ್ಲ. ಸೈನ್ಯ ಸೇರುವ ಹಿಂದಿನ ವರ್ಷ ಕೂಡ ಹೋಗಿ ಅಂಗಿ ಜಗ್ಗಿ ಬಂದಿದ್ದ.

ಈ ಸಲ ಅಧಿಕಾರಿಗಳು ಇವರಿಗೂ ಒಂದು ಕುರ್ಚಿ ಹಾಕಿಸಿದ್ದರು.

"ಸೈರನ್ ಬೇರೆ ಯಾರಾದ್ರೂ ನೋಡ್ಕೋತಾರೆ ಯಜಮಾನ್ರೇ, ನೀವು ಕೂತ್ಕೊಳ್ಳಿ" ಅಂದರು.

"ಬೇರೆಯವರ ಕೈಗೆ ಕೊಡಲ್ಲ ಸಾರ್. ನನ್ನ ಮಗನದ್ದು ನಾನೇ ಮಾಡ್ತೀನಿ" ಅಂದುಬಿಟ್ಟರು ಇವರು.

ನನಗೆ ಉರಿದುಹೋಯಿತು. "ನನ್ನೊಬ್ಬಳನ್ನೇ ಇಲ್ಲಿ ಕೂರಿಸಿ ಹೋಗ್ತೀರಾ? ಮೇಲೆ ಒಬ್ಬರೇ ಇದ್ದಾಗ ಕೈ ನಡುಗಿದ್ರೆ?"

"ಇಪ್ಪತ್ತೆಂಟು ವರ್ಷದಲ್ಲಿ ನಡುಗಿಲ್ಲ ಕಣೇ" ಅಂದು ಮೆಟ್ಟಿಲು ಹತ್ತಿಯೇ ಬಿಟ್ಟರು.

ಸುದ್ದಿ ಬಂದ ದಿನದಿಂದ ಈ ಮನುಷ್ಯ ಒಂದು ಹನಿ ಕಣ್ಣೀರು ಹಾಕಿಲ್ಲ. ನನ್ನ ಹೆದರಿಕೆ ಇದ್ದದ್ದೇ ಅಲ್ಲಿ.

ಹನ್ನೊಂದಕ್ಕೆ ಸರಿಯಾಗಿ ಸೈರನ್ ಕೂಗಿತು. ಎಲ್ಲರೂ ಎದ್ದು ನಿಂತೆವು. ರಸ್ತೆಯಲ್ಲಿ ಬಸ್ಸು ನಿಂತಿತು. ಎದುರಿನ ಅಂಗಡಿಯ ಕ್ಷೌರಿಕ ಕತ್ತಿ ಹಿಡಿದ ಹಾಗೇ ನಿಂತ. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಕೆನ್ನೆಯ ನೊರೆ ಸಮೇತ ಎದ್ದು ನಿಂತ. ನನಗೆ ಕೈ ಚುಟುಚುಟು ಅನ್ನುತ್ತಿತ್ತು. ತಡೆಯಲಾರದೆ ಮನಸ್ಸಿನಲ್ಲೇ ಒಂದು ಅಂಗಿ ಹಾಸಿಕೊಂಡೆ. ಕಾಲರ್, ಎರಡು ತೋಳು, ಬೆನ್ನು, ಮುಂಭಾಗ, ಮಡಿಕೆ. ಮಡಿಸಿ ಮುಗಿಯುವ ಹೊತ್ತಿಗೆ ಸೈರನ್ ಕೂಗಲೇಬೇಕು.

ಕೂಗಲಿಲ್ಲ.

ಅವಸರ ಮಾಡಿದೆನೇನೋ ಅಂದುಕೊಂಡು ಇನ್ನೊಂದು ಅಂಗಿ ಹಾಸಿದೆ. ಅದೂ ಮುಗಿಯಿತು. ಗಿರಾಕಿಯ ನೊರೆ ಕುತ್ತಿಗೆಗೆ ಇಳಿಯುತ್ತಿತ್ತು. ಅಧಿಕಾರಿಗಳು ತಲೆ ಅಲ್ಲಾಡಿಸದೆ ಕಣ್ಣಂಚಿನಲ್ಲೇ ಕೈಗಡಿಯಾರ ನೋಡಿದರು. ಯಾರೋ ಕೆಮ್ಮಿ, ಕೆಮ್ಮಿದ್ದೇ ತಪ್ಪೆಂಬಂತೆ ಬಾಯಿ ಮುಚ್ಚಿಕೊಂಡರು. ಸತ್ತವನ ತಾಯಿ ಎದುರಿಗೆ ನಿಂತಿರುವಾಗ ಮೊದಲು ಅಲುಗಾಡುವ ಧೈರ್ಯ ಯಾರಿಗಿದೆ? ಹಾಗಾಗಿ ನಾನೇ ಅಲುಗಾಡಬೇಕಾಯಿತು. ವೇದಿಕೆ ಇಳಿದು ಹೊರಟೆ. ಆ ನಿಶ್ಶಬ್ದದಲ್ಲಿ ನನ್ನ ಚಪ್ಪಲಿಯ ಚಟಪಟ ಇಡೀ ಊರಿಗೆ ಕೇಳಿಸಿರಬೇಕು.

ಮೂರು ಮಹಡಿ. ಅಯ್ಯೋ ದೇವರೇ, ಇವರಿಗೇನೂ ಆಗದಿರಲಿ ಅನ್ನುತ್ತಾ, ಮಂಡಿ ಹಿಡಿದುಕೊಂಡು ಹತ್ತಿದೆ.

ಇವರು ನಿಂತೇ ಇದ್ದರು. ಬೆರಳು ಗುಂಡಿಯ ಮೇಲಿತ್ತು, ಕಣ್ಣು ಗಡಿಯಾರದ ಮೇಲಿತ್ತು.

"ರೀ! ಏಳು ನಿಮಿಷ ಆಯ್ತು!"

"ಗೊತ್ತು."

"ಗೊತ್ತಿದ್ರೆ ಒತ್ತಿ ಮತ್ತೆ!"

"ಒತ್ತಿದ್ರೆ ಎಲ್ರೂ ಹೋಗ್ಬಿಡ್ತಾರೆ ಕಣೇ" ಅಂದರು. "ಬಸ್ಸು ಹೊರಡುತ್ತೆ. ಆ ಗಿರಾಕಿ ಗಡ್ಡ ಬೋಳಿಸಿ ಆಗುತ್ತೆ. ನಮ್ಮ ಹುಡುಗಂದು ಅಲ್ಲಿಗೆ ಮುಗೀತು. ಇನ್ನೊಂದು ಚೂರು ನಿಂತ್ಕೊಳ್ಳಲಿ."

ಬೈಯೋಣ ಅಂತ ಹೋದವಳು ಕಿಟಕಿಯಿಂದ ಕೆಳಗೆ ನೋಡಿದೆ. ಇಡೀ ಪೇಟೆ ನನ್ನ ಮಗನಿಗಾಗಿ ನಿಂತಿತ್ತು. ನಿಲ್ಲಲಿ, ಸಂಜೆವರೆಗೂ ನಿಲ್ಲಲಿ ಅಂತ ನನಗೂ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಆಗ ದೀಪದ ಕಂಬ ಹಿಡಿದು ನಿಂತಿದ್ದ ಮುದುಕ ಕಣ್ಣಿಗೆ ಬಿದ್ದ. ನಿವೃತ್ತನಾದ ಅಂಚೆಯವನು. ಎರಡೂ ಕಾಲು ಗಡಗಡ ನಡುಗುತ್ತಿದ್ದರೂ ಕೂರದೆ, ಹಟ ಹಿಡಿದು ನಿಂತಿದ್ದ. ನನ್ನ ಮಗ ಇದ್ದಿದ್ದರೆ ಇದನ್ನು ನೋಡಿಕೊಂಡು ಸುಮ್ಮನಿರುತ್ತಿದ್ದನೇ? ಇಷ್ಟು ಹೊತ್ತಿಗೆ ಮೂರು ಮೂರು ಮೆಟ್ಟಿಲು ಹಾರಿ ಇಳಿದು, ಆ ಮುದುಕನನ್ನು ಎತ್ತಿ ತಂದು ನೆರಳಲ್ಲಿ ಕೂರಿಸಿರುತ್ತಿದ್ದ.

ಇವರ ಹಿಂದೆ ಹೋಗಿ ನಿಂತೆ. ಬೆಳಗ್ಗೆ ನಾನೇ ಇಸ್ತ್ರಿ ಮಾಡಿಕೊಟ್ಟ ಅಂಗಿ. ಅದರ ತುದಿ ಹಿಡಿದು ಮೆಲ್ಲಗೆ ಜಗ್ಗಿದೆ.

"ಅಪ್ಪಾ, ಆಯ್ತು, ಒತ್ತು."

ಇವರ ಭುಜ ಒಮ್ಮೆ ಅದುರಿತು. ಬೆರಳು ಒತ್ತಿತು.

ಎರಡನೇ ಸೈರನ್ ಅರ್ಧ ನಿಮಿಷ ಕೂಗಿದರೆ ಸಾಕು. ಇವರು ಗುಂಡಿ ಬಿಡಲೇ ಇಲ್ಲ. ಕಿವಿ ಹರಿದುಹೋಗುವಂಥ ಆ ಸದ್ದಿನ ಅಡಿಯಲ್ಲಿ ಬಿಕ್ಕಿ ಬಿಕ್ಕಿ, ಬಾಯಿ ತೆರೆದು ಅತ್ತರು. ಊರಲ್ಲಿ ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಿಸಲಿಲ್ಲ, ಕಾಣಿಸಿತು ಅಷ್ಟೆ. ಅತ್ತು ಮುಗಿದ ಮೇಲೆ ಕೈ ತೆಗೆದರು. ಕೆಳಗೆ ಬಸ್ಸು ಹೊರಟಿತು.