ಗಂಜಿಯ ಬಟ್ಟಲು
ಮಂಗಳೂರಿನ ಹಾಸ್ಟೆಲಿನಿಂದ ಹೊಸಂಗಡಿಯ ಮನೆಗೆ ಬಂದ ಗೌತಮಿ ಕ್ವಾರಂಟೈನಿನಲ್ಲಿದ್ದಳು. ಅವಳಿಗೆಂದೇ ತೆಗೆದಿಟ್ಟ ಸ್ಟೀಲಿನ ಬಟ್ಟಲಲ್ಲಿ ಅಮ್ಮ ಗಂಜಿ ತಂದು ಕೋಣೆಯ ಹೊರಗೆ ಸ್ಟೂಲಿನ ಮೇಲಿಡುತ್ತಿದ್ದರು. ನಿನ್ನೆ ನೆಟ್‌ವರ್ಕ್ ಕೈಕೊಟ್ಟು ಪರೀಕ್ಷೆ ತಪ್ಪಿದ ಸಿಟ್ಟಿಗೆ, ಉಪ್ಪು ಜಾಸ್ತಿಯೆಂದು ಕಿರುಚಿ ಆ ಬಟ್ಟಲನ್ನೇ ಹೊರಗೆಸೆದಿದ್ದಳು.

ಇಂದು ಆನ್‌ಲೈನ್ ತರಗತಿಯಲ್ಲಿ ಮೇಡಂ, ಲಾಕ್‌ಡೌನಿನ ಸಿಟ್ಟನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರು.

"ಧ್ಯಾನ ಮಾಡ್ತೇನೆ ಮೇಡಂ. ಮನೆಯವರ ಮೇಲೆ ತೋರಿಸುವುದಿಲ್ಲ," ಎಂದಳು ಗೌತಮಿ.

"ಇವಳನ್ನು ನೋಡಿ ಕಲಿಯಿರಿ," ಎಂದರು ಮೇಡಂ.

ತರಗತಿ ಮುಗಿಸಿ ಬಾಗಿಲು ತೆರೆದಾಗ ಅಮ್ಮ ಅಂಗಳದಲ್ಲಿ ನಿಂತಿದ್ದರು.

"ಕ್ಲಾಸ್ ಉಂಟಲ್ಲ ಅಂತ ಕರೆಯಲಿಲ್ಲ. ಉಪ್ಪು ಬೇರೆ ಇಟ್ಟಿದ್ದೇನೆ, ನೀನೇ ಹಾಕಿಕೊ."

ಸ್ಟೂಲಿನ ಮೇಲೆ ಅದೇ ಬಟ್ಟಲು. ನೆಗ್ಗಿದ ಬದಿಯನ್ನು ಅಮ್ಮ ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದರು.