ಪದ್ಮಾ ಟಾಕೀಸಿನಲ್ಲಿ ಜುಣಕ

ಮಂಗಲಳಿಗೆ ಸಿನಿಮಾ ಎಷ್ಟು ಗೊತ್ತಿತ್ತೋ ಬಿಟ್ಟಿತ್ತೋ, ಸಿನಿಮಾ ನೋಡುವವರ ಮುಖ ಮಾತ್ರ ಚೆನ್ನಾಗಿ ಗೊತ್ತಿತ್ತು. ಉಗಾರ ಖುರ್ದದ ಪದ್ಮಾ ಟಾಕೀಸಿನವರ ಮನೆಗೆ ಸೊಸೆಯಾಗಿ ಬಂದವಳು ಅವಳು. ಮಾವ ಬದುಕಿದ್ದಷ್ಟು ದಿನ ಹೆಂಗಸರ ಕಡೆಯ ಟಿಕೀಟು ಕಿಟಕಿ ಅವಳದೇ. ಟಿಕೀಟು ಹರಿದು ಮುಗಿದ ಮೇಲೆ ಒಳಗೆ ಹೋಗಿ, ಪರದೆಗೆ ಬೆನ್ನು ಮಾಡಿ ನಿಂತು, ಜನರನ್ನೇ ನೋಡುತ್ತಿದ್ದಳು. ಹೊಡೆದಾಟ ಬಂದರೆ ಗಂಡಸರು ಸಿಳ್ಳೆ ಹಾಕುತ್ತಿದ್ದರು. ಅಳು ಬಂದರೆ ಹೆಂಗಸರ ಸೆರಗು ಕಣ್ಣಿಗೆ ಹೋಗುತ್ತಿತ್ತು. ಹಾಡು ಬಂದರೆ ಅರ್ಧ ಜನ ಬೀಡಿ ಸೇದಲು ಹೊರಗೆ. ಆದರೆ ಪರದೆಯ ಮೇಲೆ ಯಾರಾದರೂ ತಾಟಿನ ಮುಂದೆ ಕೂತು ರೊಟ್ಟಿ ಮುರಿದರೆ ಸಾಕು, ಇಡೀ ಟಾಕೀಸು ಗಪ್ಪು! ಬಾಲ್ಕನಿಯವನದೂ ನೆಲದ ಮೇಲೆ ಕೂತವನದೂ ಗಂಟಲು ಒಂದೇ ಸಲಕ್ಕೆ ಮೇಲೆ ಕೆಳಗೆ ಆಡುತ್ತಿತ್ತು. ಇದನ್ನು ಅವಳು ಕಣ್ಣಾರೆ ಕಂಡಿದ್ದಳು, ಯಾರೋ ಹೇಳಿದ ಮಾತಲ್ಲ.

ಆ ಟಾಕೀಸು ಬಾಗಿಲು ಹಾಕಿ ಕೆಲವು ವರ್ಷಗಳಾಗಿದ್ದವು. ಈಗ ಅವಳ ಗಂಡ ಭೀಮಗೊಂಡ ಅದನ್ನು ಅಥಣಿಯ ಗೊಬ್ಬರದ ವ್ಯಾಪಾರಿ ಬಾಪುಸಾಹೇಬರಿಗೆ ಗೋದಾಮು ಮಾಡಲು ಕೊಟ್ಟುಬಿಡುವ ವಿಚಾರದಲ್ಲಿದ್ದ. ಕುರ್ಚಿ ಕಿತ್ತು, ಪರದೆ ಹರಿದು, ಯೂರಿಯಾ ಚೀಲ ಒಟ್ಟುವುದು. ಕೇಳಿದ ದಿನ ಮಂಗಲ ಒಲೆ ಮೇಲಿನ ಹಾಲು ಉಕ್ಕಿದ್ದನ್ನೂ ನೋಡಲಿಲ್ಲ.

"ಗೊಬ್ಬರ ಎಲ್ಲಿ ಬೇಕಾದ್ರೂ ಇಡಬಹುದ್ರಿ," ಎಂದಳು. "ಊರ ಮಂದಿನ್ನ ಒಂದ ಕಡೆ ಕುಂದ್ರಸೂ ಜಾಗಾ ಇನ್ನೊಂದು ಎಲ್ಲೈತಿ, ತೋರಸ್ರಿ."

"ಮದವಿ ಹಾಲ್ ಐತಲ್ಲ."

"ಅಲ್ಲಿ ಮಂದಿ ಊಟದ ಪಾಳಿ ಕಾಯತಾರ, ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ."

"ಏ, ಎಲ್ಲಾರೂ ಫೋನಿನ್ಯಾಗ ಸಿನಿಮಾ ನೋಡಾಕತ್ತಾರ. ನಿನ್ನ ಟಾಕೀಸಿಗೆ ಯಾರ ಬರ್ತಾರ?"

"ಅಡಗಿ ಸಿನಿಮಾ ಹಚ್ಚತೀನಿ. ಬರಲಿಲ್ಲಂದ್ರ ಕೇಳ್ರಿ."

ಭೀಮಗೊಂಡ ಹೊಟ್ಟೆ ಹಿಡಿದು ನಕ್ಕ. "ಮನ್ಯಾಗ ದಿನಾ ಆಗೂ ಅಡಗಿನ್ನ ಟಾಕೀಸಿಗೆ ಬಂದು ನೋಡ್ತಾರೇನ? ತಲಿ ಗಿಲಿ ಕೆಟ್ಟೈತೇನ ನಿಂದು?"

"ದಿನಾ ಉಣ್ತೀರಿ. ಆದ್ರೂ ಮರದಿನಾ ಮತ್ತ ಹಸೀತೈತೋ ಇಲ್ಲೋ? ಹೊಡದಾಟ ಎರಡ ಸಲ ನೋಡಿದ್ರ ಹಳೇದ ಆಗತೈತ್ರಿ, ಹಸಿವು ಆಗಂಗಿಲ್ಲ. ಎರಡ ತಾಸು ಅಡಗಿ ಸಿನಿಮಾ ಹಚ್ಚಿದ್ರ ಒಬ್ಬಾಂವ ಜಾಗಾ ಬಿಟ್ಟು ಏಳಂಗಿಲ್ಲ. ಬರದ ಕೊಡ್ತೀನಿ."

ಮಾತಿಗೆ ಮಾತು ಬೆಳೆದು ಕೊನೆಗೆ ಭೀಮಗೊಂಡ ಒಂದು ಪಂಥಕ್ಕೆ ಬಂದ. ಬರುವ ಭಾನುವಾರ ಒಂದೇ ಆಟ. ಟಾಕೀಸು ತುಂಬಬೇಕು, ತುಂಬಿದವರು ಕಡೇತನಕ ಕೂತಿರಬೇಕು. ಹಾಗಾದರೆ ಬಾಪುಸಾಹೇಬರಿಗೆ ಇಲ್ಲ ಅಂತ ಹೇಳುತ್ತಾನೆ. ನಡುವೆ ಜನ ಎದ್ದರೋ, ಸೋಮವಾರ ಬೆಳಿಗ್ಗೆ ಕೀಲಿ ಅವರ ಕೈಗೆ. ಬಾಪುಸಾಹೇಬರನ್ನೇ ಮುಖ್ಯ ಅತಿಥಿಯಾಗಿ ಕರೆಯುವುದು ಅಂತಲೂ ಆಯಿತು. ಸಾಕ್ಷಿಗೆ ಸಾಕ್ಷಿಯೂ ಆಯಿತು, ಮರ್ಯಾದೆಗೆ ಮರ್ಯಾದೆಯೂ ಆಯಿತು.

ಮಂಗಲ ನಿಪ್ಪಾಣಿಯಲ್ಲಿ ಮದುವೆ ವೀಡಿಯೊ ಅಂಗಡಿ ಇಟ್ಟಿದ್ದ ಮೈದುನನ ಮಗ ಸಂದೇಶನಿಗೆ ಫೋನು ಮಾಡಿದಳು. ಪ್ರೊಜೆಕ್ಟರ್ ಅವನೇ ತಂದ, ಸಿನಿಮಾ ಅವನೇ ಹುಡುಕಿದ. ಮರಾಠಿಯದು. ನಮ್ಮ ಕಡೆ ಮರಾಠಿ ಯಾರಿಗೆ ಬರುವುದಿಲ್ಲ, ಹೇಳಿ? ಕತೆ ಇಷ್ಟೇ: ಒಂದೇ ಅಡುಗೆಮನೆಯಲ್ಲಿ ಮಾತು ಬಿಟ್ಟ ಅತ್ತೆ ಸೊಸೆ. ಅತ್ತೆ ತನ್ನದು ತಾನು ಬೇಯಿಸಿಕೊಂಡು ತಿನ್ನುತ್ತಾಳೆ, ಸೊಸೆಯ ಕೈಯಡುಗೆ ಮುಟ್ಟುವುದಿಲ್ಲ. ಸೊಸೆ ಬಿಡುವುದಿಲ್ಲ, ದಿನಕ್ಕೊಂದು ಮಾಡಿ ಎದುರಿಗಿಡುತ್ತಾಳೆ. ಬರೀ ಹಿಟ್ಟು ನಾದುವುದು, ಕಾಳು ಹುರಿಯುವುದು, ಒಗ್ಗರಣೆ ಹಾಕುವುದು. ಮಂಗಲ ಅದನ್ನು ಸಂದೇಶನ ಲ್ಯಾಪ್‌ಟಾಪಿನಲ್ಲಿ ನೋಡಿ, "ಇದ ಸಾಕು, ಇನ್ನೊಂದ ಹುಡುಕಬ್ಯಾಡ," ಎಂದುಬಿಟ್ಟಳು.

ಹೊತ್ತಿನ ಲೆಕ್ಕವನ್ನೂ ಹಾಕಿದ್ದಳು. ಹಾಕದೆ ಇರುತ್ತಾಳೆಯೇ, ಅವಳೂ ಜೈನರ ಮನೆಯವಳೇ. ಹೊತ್ತು ಮುಳುಗಿದ ಮೇಲೆ ಅವರಲ್ಲಿ ಅನ್ನ ಮುಟ್ಟುವುದಿಲ್ಲ, ಮತ್ತೆ ಬೆಳಗಾದ ಮೇಲೆಯೇ. ಮೂರಕ್ಕೆ ಸುರು, ಐದಕ್ಕೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ ಬೆಳಕಿರುವಾಗಲೇ ಉಣ್ಣಬಹುದು. ಲೆಕ್ಕವೇನೋ ಬರೋಬ್ಬರಿ. ಮರೆತದ್ದು ಒಂದೇ, ಸತ್ಕಾರ.

ನಮ್ಮ ಕಡೆ ಸತ್ಕಾರವಿಲ್ಲದೆ ಏನು ಸುರುವಾಗಿದೆ? ಬೋರಿನ ಮೋಟರು ಇಳಿಸುವುದಕ್ಕೂ ಶಾಲು ಬೇಕು. ಬಾಪುಸಾಹೇಬರ ತಲೆಗೆ ಫೇಟಾ ಸುತ್ತಿದರು. ಅವರಿಗೆ ಸುತ್ತಿದ ಮೇಲೆ ಪಂಚಾಯ್ತಿಯವರನ್ನು ಬಿಟ್ಟರೆ ಹೇಗೆ? ಪಂಚಾಯ್ತಿಯವರಿಗೆ ಹಾರ ಹಾಕಿದ ಮೇಲೆ ಸೊಸೈಟಿಯವರು ಮುಖ ಊದಿಸಿಕೊಳ್ಳುವುದಿಲ್ಲವೇ? ತೆಂಗಿನಕಾಯಿ ಸಾಲದೆ ಕೊಟ್ಟದ್ದನ್ನೇ ಹಿಂದಿನಿಂದ ಇಸಿದುಕೊಂಡು ಇನ್ನೊಬ್ಬರಿಗೆ ಕೊಟ್ಟರು. ಆಮೇಲೆ ಬಾಪುಸಾಹೇಬರು ಮೈಕು ಹಿಡಿದರು. ಕೃಷ್ಣೆಯ ನೀರು, ಕಬ್ಬಿನ ದರ, ತಮ್ಮ ತೀರಿಹೋದ ತಂದೆ, ಒಂದೂ ಬಿಡಲಿಲ್ಲ. ಪರದೆಯ ಮೇಲೆ ಬೆಳಕು ಬಿದ್ದಾಗ ನಾಲ್ಕು ಹೊಡೆದು ಎಷ್ಟೋ ಹೊತ್ತಾಗಿತ್ತು.

ಆದರೂ ಟಾಕೀಸು ತುಂಬಿತ್ತು. ಬಸದಿ ಓಣಿಯವರು, ಹೊಲದಿಂದ ನೇರ ಬಂದವರು, ಸಕ್ಕರೆ ಕಾರಖಾನೆಯ ಪಾಳಿ ಮುಗಿಸಿದವರು. ಮೊದಲ ಒಗ್ಗರಣೆಗೆ ಸಾಸಿವೆ ಸಿಡಿಯಿತು, ನೋಡಿ, ಜನ ಗಪ್ಪಾದರು. ಫೋನು ಹಿಡಿದಿದ್ದ ಹುಡುಗಿಯರು ಫೋನು ಮಡಿಲಿಗೆ ಹಾಕಿಕೊಂಡರು.

"ಉಳ್ಳಾಗಡ್ಡಿ ಭಾಳ ಹಾಕಿದ್ಲ ನೋಡ," ಎಂದರು ಬಸದಿ ಓಣಿಯ ಭೀಮಾಬಾಯಿ.

"ನೀವು ಹಾಕಬ್ಯಾಡ್ರೀ ಅತ್ತಿ, ಸುಮ್ನ ನೋಡ್ರಿ," ಎಂದಳು ಮಂಗಲಳ ನೆರೆಮನೆಯ ರುಕ್ಮವ್ವ. ಒಕ್ಕಲುತನದ ಮನೆಯವಳು, ಬಾಯಿ ಜೋರು, ಮನಸ್ಸು ಒಳ್ಳೆಯದು.

ಭೀಮಗೊಂಡ ಬಾಪುಸಾಹೇಬರ ಪಕ್ಕದಲ್ಲಿ ಕೂತಿದ್ದ. ಮೊದಲು ಕಾಲ ಮೇಲೆ ಕಾಲು ಹಾಕಿಕೊಂಡು, ಬೇಕೋ ಬೇಡವೋ ಅನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ಕಾಲು ಕೆಳಗಿಳಿಯಿತು. ಇನ್ನು ಸ್ವಲ್ಪ ಹೊತ್ತಿಗೆ ಮೊಣಕೈ ಎರಡೂ ತೊಡೆಯ ಮೇಲೆ ಬಂದವು. ಮಂಗಲ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಗೆದ್ದೆ ಅಂದುಕೊಂಡಳು.

ಸಿನಿಮಾದ ಸೊಸೆ ಜುಣಕಕ್ಕೆ ಕೈಹಚ್ಚಿದಳು. ಕುದಿಯುವ ನೀರಿನ ಮೇಲೆ ಎಡಗೈಯಿಂದ ಕಡಲೆಹಿಟ್ಟು ಉದುರಿಸುತ್ತ, ಬಲಗೈಯಿಂದ ಗರಗರ ತಿರುವುತ್ತ. ಹಿಟ್ಟು ಬಿಗಿಯಾಗುತ್ತ ಬಂತು, ಅಂಚಿನಲ್ಲಿ ಎಣ್ಣೆ ಬಿಟ್ಟಿತು, ಮೇಲೆ ಕೊತ್ತಂಬರಿ ಬಿತ್ತು. ಬಿಸಿ ರೊಟ್ಟಿಯ ಮೇಲೆ ಜುಣಕ ಹಾಕಿ ಅತ್ತೆಯ ಎದುರಿಗೆ ಇಟ್ಟಳು. ಸಿನಿಮಾ ಸುರುವಾದಾಗಿನಿಂದ ಸೊಸೆಯ ಕೈಯಡುಗೆ ಮುಟ್ಟದ ಅತ್ತೆ, ತಾಟನ್ನು ನೋಡಿದಳು. ಕೈ ಮುಂದೆ ಚಾಚಿ ತುತ್ತು ಮುರಿದಳು.

ಆಗ ಭೀಮಾಬಾಯಿ ಬಾಗಿಲ ಸಂದಿಯಿಂದ ಹೊರಗೆ ನೋಡಿದರು. "ಅಯ್ಯ, ಹೊತ್ತ ಮುಣಗಾಕ ಬಂತವ್ವಾ!" ಎಂದು ಎದ್ದೇಬಿಟ್ಟರು.

ಒಬ್ಬರ ಹಿಂದೆ ಒಬ್ಬರು. ಬಸದಿ ಓಣಿಗೆ ಬಸದಿ ಓಣಿಯೇ ಎದ್ದಿತು. ಹೊಡೆದಾಟದ ಸಿನಿಮಾ ಆಗಿದ್ದರೆ ಒಂದು ಹೊತ್ತು ಉಪವಾಸ ಆದರಾಯಿತು ಅಂತ ಕೂತಿರುತ್ತಿದ್ದರು, ಎಷ್ಟೋ ಸಲ ಕೂತವರೇ. ಆದರೆ ಇದನ್ನೆಲ್ಲ ನೋಡಿ ಬೆಳಗಿನತನಕ ಖಾಲಿ ಹೊಟ್ಟೆಯಲ್ಲಿ ಹೊರಳಾಡುವುದು ಯಾರಿಂದಾದೀತು? ಕುರ್ಚಿಗಳು ಟಕಟಕ ಮಡಿಚಿಕೊಂಡವು. ಮಂಗಲ ತಿರುಗಿ ನೋಡಿದರೆ ಭೀಮಗೊಂಡನ ಕುರ್ಚಿಯೂ ಖಾಲಿ.

"ಸಂದೇಶಾ, ನಿಲ್ಲಸೋ!" ಎಂದು ಕೂಗಿದಳು. ಅತ್ತೆಯ ತುತ್ತು ಬಾಯಿಯ ಹತ್ತಿರ ನಿಂತಿತು. ದೀಪ ಹತ್ತಿದವು. ಅರ್ಧ ಟಾಕೀಸು ಬರಿದಾಗಿತ್ತು.

ಬಾಪುಸಾಹೇಬರು ಫೇಟಾ ಸರಿಮಾಡಿಕೊಳ್ಳುತ್ತ ಬಂದರು. "ವೈನಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಿಮ್ಮ ಪ್ರಯತ್ನ ಛಲೋ ಇತ್ತು. ಕೀಲಿ ನಾಳಿ ಮುಂಜಾನಿ ಬಂದು ಒಯ್ತೀನಿ."

ಅವಳಿಗೆ ಮೈ ಉರಿಯಿತು. "ಮಂದಿ ಬ್ಯಾಸರಾಗಿ ಎದ್ದಿಲ್ರಿ, ಹಸದ ಎದ್ದಾರ," ಎಂದಳು. "ಉಂಡ ಬರ್ತಾರ."

"ಉಂಡ ಮಂದಿ ಹಾಸಿಗಿಗೆ ಹೋಗತಾರ, ಟಾಕೀಸಿಗಲ್ಲ."

"ನಾ ಹೇಳತೀನಿ, ಬರ್ತಾರ. ತುತ್ತ ಅರ್ಧಕ್ಕ ನಿಂತೈತ್ರಿ. ಅದನ್ನ ಬಿಟ್ಟ ಯಾರಿಗೆ ನಿದ್ದಿ ಹತ್ತತೈತಿ?"

ರುಕ್ಮವ್ವ ತನ್ನ ಸಾಲಿನಿಂದಲೇ ದನಿಗೂಡಿಸಿದಳು: "ನಾವಂತೂ ಏಳಂಗಿಲ್ಲವಾ ಮಂಗಲಕ್ಕಾ. ಬಾಯಾಗ ನೀರ ಬಂದೈತಿ, ಆದ್ರೂ ಕುಂತೀವಿ. ಎಲ್ಲಾರೂ ಬರ್ಲಿ, ಆಮ್ಯಾಲ ಹಚ್ಚು." ಉಳಿದವರೂ ಹೌದೆಂದರು.

ಬಾಯಲ್ಲಿ ಅಷ್ಟು ಹೇಳಿದಳು, ನಿಜ. ಆದರೆ ಮಂಗಲ ಹೊರಗೆ ಕಟ್ಟೆಯ ಮೇಲೆ ಬಂದು ನಿಂತು ಬಸದಿ ಓಣಿಯ ಕಡೆಗೇ ನೋಡತೊಡಗಿದಳು. ಜನ ಎದ್ದದ್ದಕ್ಕೆ ಅವಳಿಗೆ ಅಷ್ಟು ಬೇಜಾರಿರಲಿಲ್ಲ. ಗಂಡ ಎದ್ದದ್ದು ಮನಸ್ಸಿಗೆ ನಟ್ಟಿತ್ತು. ಸೋತಳು ಅಂತ ಖುಷಿಯಾಗಿ ಮನೆಗೆ ಹೋಗಿ ಕೀಲಿ ಹುಡುಕುತ್ತಿದ್ದಾನೋ ಏನೋ. ಬೆಳಗಿನಿಂದ ಅವಳ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಮನೆಯ ಬುಟ್ಟಿಯಲ್ಲಿ ರೊಟ್ಟಿ ಇದ್ದವು, ಪಲ್ಯೆ ಐದರ ಮೇಲೆ ಮಾಡಿದರಾಯಿತು ಅಂತ ಬಿಟ್ಟು ಬಂದಿದ್ದಳು. ಈಗ ಎಲ್ಲಿಯ ಪಲ್ಯೆ? ಸೂರ್ಯ ಕಾರಖಾನೆಯ ಹಿಂದಿನ ಕಬ್ಬಿನ ಗದ್ದೆಗೆ ಇಳಿಯುತ್ತಿದ್ದ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ಸಾಲಾಗಿ ನಿಂತಿದ್ದವು.

ಆ ಟ್ರ್ಯಾಕ್ಟರುಗಳ ಸಂದಿಯಿಂದ ಭೀಮಗೊಂಡ ಓಡಿ ಬಂದ. ಓಡಿ! ಅವನು ಓಡಿದ್ದನ್ನು ಮಂಗಲ ಮದುವೆಯಾದ ಮೇಲೆ ಇವತ್ತೇ ನೋಡಿದ್ದು. ಧೋತರದ ಚುಂಗು ಒಂದು ಕೈಯಲ್ಲಿ, ಇನ್ನೊಂದರಲ್ಲಿ ಅರಿವೆ ಸುತ್ತಿದ ಡಬ್ಬಿ. ಅಂಗಿಯ ಮೇಲೆಲ್ಲ ಕಡಲೆಹಿಟ್ಟು, ಹೆಬ್ಬೆರಳಿಗೆ ಸುಟ್ಟ ಬೊಬ್ಬೆ.

"ಹಿಡಿ, ಹಿಡಿ, ಲಗೂನ ಉಣ್ಣು," ಎಂದ ಏದುಸಿರು ಬಿಡುತ್ತ. "ಇನ್ನೂ ಐತಿ ಹೊತ್ತು. ನೋಡ, ಆ ಕಡಿ ಕೆಂಪ ಕಾಣಸಾಕತ್ತೈತಿ. ಮಾತಾಡಬ್ಯಾಡ, ಉಣ್ಣು ಮದ್ಲ."

"ಏನ್ರಿ ಇದು?"

"ಜುಣಕ. ನಾನ ಮಾಡೀನಿ."

ಮಂಗಲ ಡಬ್ಬಿ ತೆರೆದಳು. ಜುಣಕವೇ. ಅಲ್ಲಲ್ಲಿ ಗಂಟು, ತಳ ಹತ್ತಿದ ವಾಸನೆ. ಮೂವತ್ತು ವರ್ಷದ ಸಂಸಾರದಲ್ಲಿ ನೀರು ಕಾಯಿಸಲೂ ಒಲೆ ಹಚ್ಚದ ಮನುಷ್ಯ!

"ನೀವು ಉಂಡ್ರಿ?"

"ನಿಂತ ನಿಂತ ಉಂಡ ಬಂದೀನಿ. ಉಪ್ಪ ಚೂರು..." ಎಂದು ತಲೆ ತುರಿಸಿಕೊಂಡ. "ಆಕಿ ಸಿನಿಮಾದಾಗ ಎಷ್ಟ ಹಾಕಿದ್ಲು ಅನ್ನೂದು ಸರಿ ಕಾಣಲಿಲ್ಲ."

ಮಂಗಲ ಕಟ್ಟೆಯ ಮೇಲೆ ಕೂತು ಉಂಡಳು. ಉಪ್ಪು ಚೂರಲ್ಲ, ಮುಷ್ಟಿ ತುಂಬ ಬಿದ್ದಿತ್ತು. ಒಂದು ಗಂಟೂ ಬಿಡಲಿಲ್ಲ ಅವಳು. ಕಣ್ಣಲ್ಲಿ ನೀರು ಬಂದಿತು, ಒರೆಸಿಕೊಳ್ಳಲೂ ಇಲ್ಲ. ಅವನು ಒಮ್ಮೆ ಅವಳ ಬಾಯಿ ನೋಡುತ್ತ, ಒಮ್ಮೆ ಸೂರ್ಯನನ್ನು ನೋಡುತ್ತ, ಟಾಕೀಸಿನ ಒಳಗಿನಿಂದ ತಂದ ನೀರಿನ ತಂಬಿಗೆ ಹಿಡಿದುಕೊಂಡು ನಿಂತೇ ಇದ್ದ. ಅವಳು ನೀರು ಕುಡಿದು ತಂಬಿಗೆ ಕೆಳಗಿಟ್ಟ ಮೇಲೆ ಹೊತ್ತು ಮುಳುಗಿತು.

ಜನ ಬರಲು ಹತ್ತಿದರು. ಮೊದಲು ಭೀಮಾಬಾಯಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ನಮ್ಮ ಮನ್ಯಾಗೂ ಜುಣಕನ ಆತು ನೋಡ. ಸೊಸಿ ಮಾಡಿದ್ಲು. ಹಚ್ಚೀಯೇನ ಹ್ಯಾಂಗ?" ಎಂದರು. ಆಮೇಲೆ ಅವರ ಸೊಸೆ, ಆಮೇಲೆ ಓಣಿಗೆ ಓಣಿ. ಯಾರ ಮನೆಯಲ್ಲಿ ಕೇಳಿದರೂ ಜುಣಕ. ಬಿಟ್ಟ ಕುರ್ಚಿಯನ್ನೇ ಹುಡುಕಿ ಕೂತರು. ಉಂಡು ಬರುವಾಗ ಮನೆಯಲ್ಲಿ ಉಳಿದವರನ್ನೂ ಎಳೆದುಕೊಂಡು ಬಂದಿದ್ದರಿಂದ ಮೊದಲಿಗಿಂತ ಹೆಚ್ಚೇ ಆದರು. ಕೂರಲು ಜಾಗ ಸಾಲದೆ ರುಕ್ಮವ್ವ ಒಬ್ಬಳನ್ನು ತೊಡೆಯ ಮೇಲೇ ಕೂರಿಸಿಕೊಂಡಳು.

ಬಾಪುಸಾಹೇಬರು ಭೀಮಗೊಂಡನ ಹತ್ತಿರ ಬಂದು ಮೆಲ್ಲಗೆ ನೆನಪಿಸಿದರು. "ಪಾಟೀಲ್ರ, ಮಾತು ಅಂದ್ರ ಮಾತು. ಮಂದಿ ನಡುವ ಎದ್ದಾರ, ಎಲ್ಲಾರೂ ನೋಡ್ಯಾರ. ನೀವೂ ಎದ್ರಿ."

"ಹೌದ್ರಿ, ನಾನೂ ಎದ್ದೆ," ಎಂದ ಭೀಮಗೊಂಡ. ಟಾಕೀಸಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಜೋರಾಗಿಯೇ ಎಂದ. "ನಮ್ಮಪ್ಪ ಈ ಟಾಕೀಸ ಕಟ್ಟಿದಾಗಿಂದ ಇಲ್ಲಿ ಸಿನಿಮಾ ನೋಡೀನ್ರಿ. ಕುಂತಲ್ಲೆ ನಕ್ಕೀನಿ, ಕುಂತಲ್ಲೆ ಅತ್ತೀನಿ. ಲೈಟ್ ಹತ್ತಿದ ಮ್ಯಾಲ ಎಲ್ಲಾ ಮರತ ಮನೀಗಿ ಹೋಗೀನಿ. ಒಂದ ಸಿನಿಮಾನೂ ನನ್ನ ಕಡಿಂದ ಏನೂ ಮಾಡಸಲಿಲ್ಲ. ಇವತ್ತಿಂದು ಎಬ್ಬಿಸಿ ಓಡಿಸಿ ಒಲಿ ಮುಂದ ನಿಂದರಸ್ತು. ಇಂಥಾ ಜಾಗಾದಾಗ ಯೂರಿಯಾ ಒಟ್ಟಿದ್ರ ನಮ್ಮಪ್ಪ ಮ್ಯಾಲಿಂದ ಉಗಳತಾನ. ಟಾಕೀಸ ಕೊಡಾಂಗಿಲ್ರಿ. ಮಾತ ತಪ್ಪಿದಾಂವ ಅಂತ ಬೇಕಾದ್ರ ಬೈರಿ, ಅನಸ್ಕೊಂತೀನಿ."

ಯಾರೋ ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ ಹೊಡೆದರು. ಬಾಪುಸಾಹೇಬರ ಮುಖ ಒಂದು ಗಳಿಗೆ ಗಂಟಾಯಿತು. ಚಪ್ಪಲಿ ಮೆಟ್ಟಿಕೊಂಡು ಬಾಗಿಲತನಕ ಹೋದರು. ಅಲ್ಲಿ ನಿಂತು ಪರದೆಯನ್ನೊಮ್ಮೆ ನೋಡಿದರು. ಅತ್ತೆಯ ತುತ್ತು ಇನ್ನೂ ಬಾಯಿಯ ಹತ್ತಿರವೇ ನಿಂತಿತ್ತು.

"ಆಕಿ ಉಣ್ತಾಳೋ ಇಲ್ಲೋ, ಅದನ್ನರ ನೋಡಿ ಹೋಗೂನು," ಎಂದು ಗೊಣಗುತ್ತ ಹಿಂದಿರುಗಿ ಬಂದು, ಫೇಟಾ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು.

ಭೀಮಗೊಂಡ ಹೆಂಡತಿಯ ಕಡೆ ತಿರುಗಿದ. "ಬರೂ ಐತ್ವಾರ ಹನ್ನೆರಡಕ್ಕ ಹಚ್ಚು. ಸತ್ಕಾರ ಗಿತ್ಕಾರ ಎಲ್ಲಾ ಸಿನಿಮಾ ಮುಗದ ಮ್ಯಾಲ."

"ಬರೂ ಐತ್ವಾರ ಯಾವ ಅಡಗಿಂದು ತರಸಲಿ?" ಎಂದು ಕೇಳಿದಳು ಮಂಗಲ.

ಅವನು ಸುಟ್ಟ ಹೆಬ್ಬೆರಳನ್ನು ಊದಿಕೊಂಡ. "ನನಗ ಮಾಡಾಕ ಬರೂವಂಥಾದ್ದ ತರಸು," ಎಂದ.