ಕಣ್ಣಿನ ಸಾಲಿನಲ್ಲಿ ನಿಂತ ಕಂಡಕ್ಟರ್

ನಿವೃತ್ತಿಯಾಗಿ ಎಂಟು ತಿಂಗಳಾದರೂ ಕಂಡಕ್ಟರಿಗೆ ಬಸ್ಸಿನಿಂದ ಇಳಿಯಲು ಆಗಿರಲಿಲ್ಲ. ಮನೆಯನ್ನೇ ಬಸ್ಸು ಮಾಡಿಕೊಂಡಿದ್ದ. ಬೆಳಿಗ್ಗೆ ಆರಕ್ಕೆ ಟೀ ಬರಬೇಕು. ಆರೂ ಐದಾದರೆ ಕೂಗಾಟ. ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟ. ಹೆಂಡತಿ ಉಪ್ಪು ಹುಡುಕುತ್ತಾ ನಿಲ್ಲಬೇಕಾಯಿತು. ಅವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಅಳತೆ ಕೊಡಲು ಬಂದ ಹೆಂಗಸರನ್ನೂ ಇವನು ಬಿಡಲಿಲ್ಲ. "ಬಾಗಿಲಲ್ಲಿ ನಿಲ್ಲಬೇಡಿ! ಒಳಗೆ ಹೋಗಿ, ಒಳಗೆ ಹೋಗಿ!" ಹತ್ತು ಜನ ಬರುತ್ತಿದ್ದ ಕಡೆ ನಾಲ್ಕು ಜನ ಬರತೊಡಗಿದರು.

ಒಂದು ದಿನ ಅವಳು ಕತ್ತರಿ ಕೆಳಗಿಟ್ಟಳು.

"ಒಂದನೇ ತಾರೀಕಿಗೆ ನಾನು ಅಕ್ಕನ ಮನೆಗೆ ಹೋಗ್ತೀನಿ. ಮಿಷಿನ್ನೂ ತಗೊಂಡು ಹೋಗ್ತೀನಿ."

"ಎಷ್ಟು ದಿನಕ್ಕೆ?"

"ಮಿಷಿನ್ನೂ ಹೋಗುತ್ತೆ ಅಂದ ಮೇಲೆ ಎಷ್ಟು ದಿನಕ್ಕೆ ಅಂತ ನೀವೇ ಯೋಚನೆ ಮಾಡಿ."

ಕೆಳಗಿನ ಮನೆಯಲ್ಲಿ ಆಸ್ಪತ್ರೆಯ ನರ್ಸ್ ಇದ್ದಳು. ಇವರ ಮನೆಯ ಜಗಳ ಅವಳಿಗೆ ರೇಡಿಯೋ ಇಟ್ಟ ಹಾಗೆ ಕೇಳುತ್ತಿತ್ತು. ಸಂಜೆ ಅವಳೇ ಮೆಟ್ಟಿಲು ಹತ್ತಿ ಬಂದಳು.

"ಅಣ್ಣಾ, ನಮ್ಮ ಆಸ್ಪತ್ರೆಗೆ ಬನ್ನಿ."

"ನನಗೇನು ರೋಗ ಬಂದಿದೆ?"

"ರೋಗ ಇಲ್ಲ, ಪುರುಸೊತ್ತಿದೆ. ಅದೇ ನಮಗೆ ಬೇಕಾಗಿರೋದು. ವಾರಕ್ಕೆ ಮೂರು ದಿನ, ಒಂಬತ್ತರಿಂದ ಹನ್ನೆರಡು. ಬಂದವರಿಗೆ ಯಾವ ಕೋಣೆಗೆ ಹೋಗಬೇಕು ಅಂತ ತೋರಿಸೋದು, ಅಷ್ಟೇ."

"ಸಂಬಳ?"

"ಇಲ್ಲ."

"ಊಟ?"

"ಅದೂ ಇಲ್ಲ."

"ಮತ್ತೇನು ಮಣ್ಣಿದೆ?"

"ಕೆಲಸ ಇದೆ."

"ಬಿಟ್ಟಿ ದುಡಿಯೋಕೆ ನನಗೇನು ತಲೆ ಕೆಟ್ಟಿದೆಯಾ?"

ಹೆಂಡತಿ ಮಿಷಿನ್ನಿನ ಮುಂದಿನಿಂದ ತಿರುಗದೆಯೇ ಹೇಳಿದಳು. "ಹೋಗಿ. ವಾರಕ್ಕೆ ಮೂರು ಬೆಳಿಗ್ಗೆಯಾದರೂ ನನಗೆ ರಜೆ ಸಿಗಲಿ."

ಆ ಸಿಟ್ಟಿನಲ್ಲೇ ಹೋದ. ಸೇವೆ, ತ್ಯಾಗ ಅಂತೆಲ್ಲ ಅವನ ತಲೆಯಲ್ಲಿ ಏನೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ?

ಎರಡೇ ದಿನದಲ್ಲಿ ಆಸ್ಪತ್ರೆಯ ಸಾಲುಗಳು ಗೆರೆ ಎಳೆದ ಹಾಗಾದವು. "ಮುಂದೆ ಹೋಗಿ, ಮುಂದೆ ಹೋಗಿ! ಚೀಟಿ ಕೈಯಲ್ಲಿ ಹಿಡ್ಕೊಳ್ಳಿ!" ಅವನಿಗೆ ಭಾರಿ ಖುಷಿ. ಮೂರನೇ ದಿನ ನೀಲಿ ಸ್ವೆಟರಿನ ಒಬ್ಬ ಅಜ್ಜಿ ಮೂಳೆ ಡಾಕ್ಟರ ಸಾಲಿನಲ್ಲಿ, ಕಣ್ಣಿನ ವಿಭಾಗದ ಚೀಟಿ ಹಿಡಿದು ನಿಂತಿದ್ದಳು.

"ಅಜ್ಜೀ, ಇದು ಮೂಳೆ ಸಾಲು! ಅಷ್ಟು ದೊಡ್ಡ ಬೋರ್ಡಿದೆ, ಕಣ್ಣು ಕಾಣಲ್ವಾ?"

"ಕಾಣಲ್ಲಪ್ಪ. ಅದಕ್ಕೇ ಬಂದಿರೋದು."

ಸಾಲಿಗೆ ಸಾಲೇ ನಕ್ಕಿತು. ನಕ್ಕಿದ್ದು ಅಜ್ಜಿಯನ್ನು ನೋಡಿ ಅಲ್ಲ, ಇವನನ್ನು ನೋಡಿ. ಅದನ್ನು ಇವನಿಗೆ ತಡೆದುಕೊಳ್ಳಲಾಗಲಿಲ್ಲ.

"ಕಾಣದಿದ್ರೆ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಬರಬೇಕು! ಹೋಗಿ, ಆ ಸಾಲಿನ ಕೊನೇಲಿ ನಿಂತ್ಕೊಳ್ಳಿ!"

ಅಜ್ಜಿ ಗೋಡೆ ತಡವಿಕೊಂಡು ನಡೆದಳು. ಸಾಲಿನ ಕೊನೆಯಲ್ಲಿ ನಿಲ್ಲದೆ ಗೇಟು ದಾಟಿ ಹೊರಟೇಹೋದಳು.

ಹನ್ನೆರಡಕ್ಕೆ ನರ್ಸ್ ಫೈಲು ಹಿಡಿದು ಬಂದಳು. ನಡೆದದ್ದನ್ನು ಸಾಲಿನವರೇ ಹೇಳಿದರು.

"ಅಣ್ಣಾ, ಅವರ ಕಣ್ಣಿನ ಒತ್ತಡ ಏರಿದೆ. ಹಾಕೋ ಹನಿ ಔಷಧಿ ಮುಗಿದಿದೆ. ಈ ಕಾಯಿಲೇಲಿ ಹೋದ ದೃಷ್ಟಿ ವಾಪಸ್ ಬರಲ್ಲ, ಗೊತ್ತಾ? ಸಾಲು ನೆಟ್ಟಗಿರಲಿ ಅಂತ ನಿಮ್ಮನ್ನ ಕರೀಲಿಲ್ಲ. ಬಂದವರು ಯಾರೂ ಔಷಧಿ ಇಲ್ಲದೆ ಹೋಗಬಾರದು ಅಂತ ಕರೆದೆ. ಆಗೋದಿಲ್ಲ ಅಂದ್ರೆ ನಾಳೆಯಿಂದ ಬರಬೇಡಿ."

ಬೇರೆ ದಿನವಾಗಿದ್ದರೆ ನಾಲ್ಕು ಮಾತು ತಿರುಗಿ ಆಡುತ್ತಿದ್ದ. ಅವತ್ತು ಅಜ್ಜಿ ದಾಟಿ ಹೋದ ಗೇಟಿನ ಕಡೆ ನೋಡಿದ. ಎಷ್ಟೇ ಕೂಗಾಡಿದರೂ ಮೂವತ್ನಾಲ್ಕು ವರ್ಷದಲ್ಲಿ ಒಬ್ಬರನ್ನೂ ಅರ್ಧ ದಾರಿಯಲ್ಲಿ ಇಳಿಸಿದವನಲ್ಲ.

ಮನೆಗೆ ಬಂದು ಊಟದ ತಟ್ಟೆ ಪಕ್ಕಕ್ಕೆ ತಳ್ಳಿದ. ಹೆಂಡತಿ ಕೇಳಿದ್ದಕ್ಕೆ ಒಂದೂ ಬಿಡದೆ ಹೇಳಿದ. ಆಮೇಲೆ ಕೇಳಿದ, "ನಿನ್ನ ಹತ್ರ ಬರೋರ ಜೊತೆ ನೀನು ಹೇಗೆ ಮಾತಾಡ್ತೀಯ?"

ಅವಳಿಗೆ ಆಶ್ಚರ್ಯ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಒಂದು ವಿಷಯ ಕೇಳಿ ಕಲಿತವನಲ್ಲ.

"ಮೊದಲು ಕೂರಿಸ್ತೀನಿ. ಏನು ಬೇಕು ಅಂತ ಕೇಳ್ತೀನಿ. ಅವರು ಹೇಳಿ ಮುಗಿಸೋವರೆಗೂ ಟೇಪು ಮುಟ್ಟಲ್ಲ. ಆ ಅಜ್ಜಿ ಮನೆ ಗೊತ್ತಾ ನಿಮಗೆ?"

"ಹೆಸರು ಗೊತ್ತಿಲ್ಲ. ನನ್ನ ಬಸ್ಸಲ್ಲಿ ಬರ್ತಿದ್ರು, ನೀರಿನ ಟ್ಯಾಂಕ್ ಹತ್ರ ಇಳೀತಿದ್ರು."

"ನಾಳೆ ಹೋಗೋಣ. ನಾನೂ ಬರ್ತೀನಿ."

ಟ್ಯಾಂಕ್ ಪಕ್ಕದ ಅಂಗಡಿಯವನು ಮನೆ ತೋರಿಸಿದ. ಒಂದೇ ಕೋಣೆ. ಮಗಳು ಕಾರ್ಖಾನೆಗೆ ಹೋಗಿದ್ದಳು. ಅಜ್ಜಿ ಒಬ್ಬಳೇ ಕೈಯಿಂದ ಸವರಿ ಸವರಿ ಬಟ್ಟೆ ಮಡಚುತ್ತಿದ್ದಳು.

"ಆಸ್ಪತ್ರೆಗೆ ಹೋಗೋಣ ಬನ್ನಿ ಅಮ್ಮ," ಎಂದಳು ಹೆಂಡತಿ.

"ಬರಲ್ಲ ತಾಯಿ. ಅಲ್ಲೊಬ್ಬ ಕಿರುಚೋನು ಇದಾನೆ. ಉಳಿದಿರೋ ಕಣ್ಣೂ ಹೋಗಲಿ, ನನಗೆ ಮಾನ ಮುಖ್ಯ."

ಅವನು ಬಾಗಿಲಲ್ಲೇ ನಿಂತಿದ್ದ. ಅಜ್ಜಿಗೆ ಅವನು ಬರೀ ಒಂದು ನೆರಳು. ಸುಮ್ಮನಿದ್ದಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಹೆಂಡತಿ ಅವನ ಮುಖ ನೋಡಿದಳು.

"ಆ ಕಿರುಚೋನು ನಾನೇ ಅಮ್ಮ. ತಪ್ಪಾಯ್ತು."

ಅಷ್ಟು ವರ್ಷದ ಸಂಸಾರದಲ್ಲಿ ಆ ಒಂದು ಮಾತನ್ನು ಹೆಂಡತಿ ಅವನ ಬಾಯಲ್ಲಿ ಕೇಳಿರಲಿಲ್ಲ.

ಅಜ್ಜಿ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಮೆಲ್ಲಗೆ ಮಾತಾಡಿದ್ರೆ ನಿನ್ನ ದನಿ ಚೆನ್ನಾಗೇ ಇದೆಯಲ್ಲೋ. ನನ್ನ ಚಪ್ಪಲಿ ಎಲ್ಲಿದೆ ನೋಡು."

ಅವಳಿಗೆ ಔಷಧಿ ಸಿಕ್ಕಿತು. ಹೋದ ದೃಷ್ಟಿ ಬರಲಿಲ್ಲ, ಇದ್ದದ್ದು ಉಳಿಯಿತು. ಕಂಡಕ್ಟರ್ ಪೂರ್ತಿ ಬದಲಾದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈಗಲೂ ಕೂಗುತ್ತಾನೆ. ಆದರೆ ಅರ್ಧದಲ್ಲಿ ನಿಲ್ಲಿಸುತ್ತಾನೆ. ಆಸ್ಪತ್ರೆಗೆ ಹೋಗುವ ದಿನ ತಾನೇ ಎದ್ದು ಶರ್ಟು ಇಸ್ತ್ರಿ ಮಾಡಿಕೊಳ್ಳುತ್ತಾನೆ. ಮಧ್ಯಾಹ್ನ ಬಂದು, ಇವತ್ತು ಯಾರು ಬಂದಿದ್ದರು, ಯಾರಿಗೆ ಏನಾಯಿತು ಅಂತ ಹೆಂಡತಿಗೆ ಹೇಳುತ್ತಾನೆ. ಅವಳು ಹೇಳುವುದನ್ನೂ ಕೇಳುತ್ತಾನೆ.

ಒಂದನೇ ತಾರೀಕು ಬಂತು. ಯಾವ ಬಸ್ಸಿಗೆ ಬರುತ್ತೀಯ ಅಂತ ಅಕ್ಕ ಫೋನ್ ಮಾಡಿದಳು. ಕಂಡಕ್ಟರ್ ಪಕ್ಕದಲ್ಲೇ ಇದ್ದ.

"ಹೋಗಬೇಡ ಅಂತ ಹೇಳೋ ಮುಖ ನನಗಿಲ್ಲ," ಎಂದ. "ಆ ಅಜ್ಜಿಗೆ ಹೇಳಿದ್ದನ್ನ ನಿನಗೆ ಮೊದಲು ಹೇಳಬೇಕಿತ್ತು. ತಪ್ಪಾಯ್ತು."

ಅವಳು ಫೋನಿಗೆ ಹೇಳಿದಳು, "ಅಕ್ಕಾ, ಸದ್ಯಕ್ಕೆ ಬರಲ್ಲ. ಈ ಮನುಷ್ಯ ಈಗಷ್ಟೇ ಕಿವಿ ಕೊಡೋಕೆ ಶುರು ಮಾಡಿದಾನೆ. ಎಷ್ಟು ದಿನ ಕೊಡ್ತಾನೆ, ನೋಡೇ ಬಿಡ್ತೀನಿ."

ಈಗ ನಿಮ್ಮ ಸರದಿ. ಪುರುಸೊತ್ತಿಲ್ಲ ಅನ್ನಬೇಡಿ, ಮೊಬೈಲು ಹಿಡಿದು ಕೂರುವ ಎರಡು ಗಂಟೆ ನಿಮ್ಮ ಹತ್ತಿರ ಇದೆ, ನನಗೆ ಗೊತ್ತು. ಹತ್ತಿರದ ಆಸ್ಪತ್ರೆಗೆ ಹೋಗಿ, ಶಾಲೆಗೆ ಹೋಗಿ, ವಾಚನಾಲಯಕ್ಕೆ ಹೋಗಿ. "ನಾನೇನು ಮಾಡಬಹುದು?" ಅಂತ ಕೇಳಿ. ಫೋಟೋ ತೆಗೆಸಿಕೊಳ್ಳಲು ಹೋಗುವವರು ದಯವಿಟ್ಟು ಮನೆಯಲ್ಲೇ ಇರಿ. ಮೊದಲ ವಾರ ತಪ್ಪು ಮಾಡುತ್ತೀರಿ, ಬೈಸಿಕೊಳ್ಳುತ್ತೀರಿ. ಎದ್ದು ಬರಬೇಡಿ. ಬೈಸಿಕೊಂಡ ಮರುದಿನವೂ ಹೋಗಿ ನಿಲ್ಲುತ್ತೀರಲ್ಲ, ನೀವು ಬೆಳೆಯಲು ಶುರು ಮಾಡುವುದು ಅವತ್ತಿನಿಂದ.